ಗಾಳಿಯ ಸುದ್ದಿ ನಮ್ಮ ನುಡಿಯಲ್ಲಿ ಬರಲಿ

ಹೊಸೂರು ಸೀಮೆಯ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳುವ ಮಿತ್ರರೊಬ್ಬರು ಕಳೆದ ಆಷಾಢದಲ್ಲಿ ನಮಗೊಂದು ಕಾಗದ ಬರೆದಿದ್ದರು. ಕ್ಷೇಮಸಮಾಚಾರ, ಮಕ್ಕಳ ಸಂಖ್ಯೆ ಇಳಿಯುತ್ತಿರುವ ಚಿಂತೆ, ನಿವೃತ್ತಿಯಾಗುತ್ತಿರುವ ಹಿರಿಯ ಶಿಕ್ಷಕರ ವಿಚಾರ, ಇವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: "ನಮ್ಮ ಹುಡುಗರು ಗಾಳಿಪಟ ಹಿಡಿದು ಬಯಲಿನಲ್ಲಿ ಕಾಯ್ತಾ ಇದ್ದಾರೆ. ನಿಮ್ಮ ಸಮುದ್ರದ ಕಡೆ ಗಾಳಿ ಎದ್ದಿದೆಯಾ ಮೇಷ್ಟ್ರೇ?"

ಓದಿದಾಗ ಮೊದಲು ನಗು ಬಂತು. ನಮ್ಮಲ್ಲಿ ಆಟಿ ತಿಂಗಳೆಂದರೆ ಕೊಡೆ ಮಗುಚುವ ಕಾಲ, ದೋಣಿಗಳು ದಡದ ಮೇಲೆ ಮಲಗುವ ಕಾಲ. ಆ ಮಳೆಯಲ್ಲಿ ಗಾಳಿಪಟ ಹಾರಿಸುವ ಮಾತೆತ್ತಿದರೆ ಇಲ್ಲಿನ ಹುಡುಗರು ಮುಖ ಮುಖ ನೋಡಿಯಾರು. ಆದರೆ ಗೋಡೆಯ ಮೇಲಿನ ಭೂಪಟವನ್ನೊಮ್ಮೆ ನೋಡಿದಾಗ ಮಿತ್ರರ ಪ್ರಶ್ನೆ ಅರ್ಥವತ್ತಾದುದೆಂದು ಹೊಳೆಯಿತು. ಕಾಸರಗೋಡೂ ಹೊಸೂರೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಇಲ್ಲಿಂದ ನೇರ ಮೂಡಲು ದಿಕ್ಕಿಗೆ ಗೆರೆಯೆಳೆದರೆ ಸುಮಾರು 300 ಕಿಲೋಮೀಟರು ದೂರದಲ್ಲಿ ಹೊಸೂರು ಸಿಗುತ್ತದೆ. ಗಂಟೆಗೆ 40 ಕಿಲೋಮೀಟರು ವೇಗದ ಪಡುವಣ ಗಾಳಿಗೆ ಇದು ಏಳೆಂಟು ಗಂಟೆಗಳ ಹಾದಿ. ಬೆಳಿಗ್ಗೆ ಇಲ್ಲಿ ತೆಂಗಿನ ಗರಿಗಳನ್ನು ಬಾಗಿಸಿದ ಗಾಳಿಯೇ ಸಂಜೆಗೆ ಅಲ್ಲಿನ ಮಕ್ಕಳ ಪಟವನ್ನು ಎತ್ತೀತು.

ಒಂದೇ ಗಾಳಿ ಇಲ್ಲಿ ಮಳೆಯಾಗಿ ಅಲ್ಲಿ ಆಟವಾಗುವುದಕ್ಕೆ ಕಾರಣ ನಡುವೆ ನಿಂತಿರುವ ಘಟ್ಟ. ಕಡಲಿನಿಂದ ಬಂದ ತೇವದ ಗಾಳಿ ಘಟ್ಟವನ್ನು ಏರುವಾಗ ತಣಿದು ನೀರನ್ನೆಲ್ಲ ಇತ್ತಲೇ ಸುರಿಸುತ್ತದೆ. ಅತ್ತ ಇಳಿಯುವಾಗ ಒಣಗಿ ಹಗುರಾಗಿರುತ್ತದೆ. ವೇಗ ಮಾತ್ರ ಉಳಿದಿರುತ್ತದೆ. ಜುಲೈ ತಿಂಗಳಲ್ಲಿ ದಕ್ಷಿಣ ಭಾರತದ ಮೇಲೆ, ಸುಮಾರು ಒಂದೂವರೆ ಕಿಲೋಮೀಟರು ಎತ್ತರದಲ್ಲಿ, ಪಡುವಣ ಗಾಳಿಯ ಪ್ರಬಲ ಪ್ರವಾಹವೊಂದು ಹರಿಯುತ್ತದೆಂಬುದನ್ನು ಪಿ. ವಿ. ಜೋಸೆಫ್ ಮತ್ತು ಪಿ. ಎಲ್. ರಾಮನ್ ಎಂಬ ನಮ್ಮ ದೇಶದ ಹವಾಮಾನ ವಿಜ್ಞಾನಿಗಳು 1966ರಲ್ಲಿ ತೋರಿಸಿಕೊಟ್ಟರು. ಹೊಸೂರು ಬೆಂಗಳೂರಿನ ಪ್ರಸ್ಥಭೂಮಿಯ ಅಂಚಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಊರು. ನಮಗಿಂತ ಅವರು ಆ ಪ್ರವಾಹಕ್ಕೆ ಅಷ್ಟು ಹತ್ತಿರ. ಬೆಂಗಳೂರು, ಹೊಸೂರು ಸೀಮೆಗಳಲ್ಲಿ ಆಷಾಢವೇ ಗಾಳಿಪಟದ ಮಾಸವಾದುದು ಹೀಗೆ. ಹಿರಿಯರು ಶಾಸ್ತ್ರ ಓದದೆಯೇ ಕಂಡುಕೊಂಡ ಮುನ್ಸೂಚನೆ ಅದು.

ನಮ್ಮ ಕರಾವಳಿಯಲ್ಲಿಯೂ ಅಂಥ ತಿಳಿವಳಿಕೆಗೆ ಬರವಿರಲಿಲ್ಲ. ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಕಟ್ಟುಪಾಡು ಮುಂಗಾರಿನ ಬರವನ್ನು ಲೆಕ್ಕಹಾಕಿಯೇ ಹುಟ್ಟಿದ್ದು. ಆದರೆ ಪತ್ತನಾಜೆಯಾಗಲಿ ಮಳೆನಕ್ಷತ್ರಗಳಾಗಲಿ ಕಾಲವನ್ನು ಹೇಳಿಯಾವೇ ಹೊರತು ನಾಳೆ ಮಧ್ಯಾಹ್ನದ ಗಾಳಿಯನ್ನು ಹೇಳಲಾರವು. ಅದನ್ನು ಹೇಳಲು 1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆ ಉಂಟು. ಕಡಲ ಅಲೆಗಳ ಸ್ಥಿತಿಯನ್ನು ಹೇಳಲು 1999ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಸಾಗರ ಮಾಹಿತಿ ಕೇಂದ್ರ ಉಂಟು. ದಿನವೂ ಅಂಕೆಗಳು ಹೊರಬೀಳುತ್ತವೆ. ಅವನ್ನು ಓದಿ ಅರ್ಥಮಾಡಿಕೊಳ್ಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಬೆಳೆದಿದೆಯೇ ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ಆಟದ ನೆಪದಲ್ಲಿ ಎತ್ತಲು ಕಾರಣವಿದೆ. ಇಂದು ಕಡಲು ಬೆಸ್ತರಿಗೆ ಮಾತ್ರ ಸೇರಿದ್ದಲ್ಲ. ಮಂಗಳೂರಿನ ಪಣಂಬೂರು, ತಣ್ಣೀರುಬಾವಿ ಕಡಲಕರೆಗಳಲ್ಲಿ ಗಾಳಿಪಟದ ಉತ್ಸವಗಳು ನಡೆದಿವೆ. ಮೂಲ್ಕಿಯಲ್ಲಿ ಹಲಗೆಯ ಮೇಲೆ ನಿಂತು ಅಲೆಯೇರುವ ಆಟವನ್ನು ವರ್ಷಗಳಿಂದ ಕಲಿಸಲಾಗುತ್ತಿದೆ. ಅದರ ಸಮೀಪದಲ್ಲಿ, ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ, 2016ರ ಮೇ ತಿಂಗಳ ಕೊನೆಗೆ ಈ ಆಟದ ರಾಷ್ಟ್ರಮಟ್ಟದ ಸ್ಪರ್ಧೆಯೇ ನಡೆಯಿತು. ಇತ್ತ ಬೇಕಲದಲ್ಲಿ ರಜಾದಿನ ಬಂತೆಂದರೆ ಕೋಟೆಯ ಕೆಳಗಿನ ಮರಳಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಮ್ಮ ಮಕ್ಕಳು ಅಲ್ಲಿಗೆ ಹೋಗುತ್ತಾರೆ, ಹೋಗಬೇಕು. ಗಾಳಿಯ ಸ್ವಭಾವ ತಿಳಿದು ಹೋಗಬೇಕು ಎಂಬುದಷ್ಟೇ ನಮ್ಮ ಮಾತು.

ಆ ಸ್ವಭಾವ ಬಿಡಿಸಲಾಗದ ಒಗಟೇನೂ ಅಲ್ಲ. ಮಳೆಗಾಲ ಕಳೆದ ಮೇಲೆ ನಮ್ಮ ಕರೆಯಲ್ಲಿ ದಿನಕ್ಕೆ ಎರಡು ಗಾಳಿಗಳು. ಹಗಲು ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರಾಗಿ ಏರುತ್ತದೆ, ಆ ತೆರವನ್ನು ತುಂಬಲು ಕಡಲಿನಿಂದ ತಂಪುಗಾಳಿ ನುಗ್ಗುತ್ತದೆ. ಹತ್ತು ಹನ್ನೊಂದು ಗಂಟೆಗೆ ಮೊದಲಾಗುವ ಈ ಕಡಲಗಾಳಿ ಮಧ್ಯಾಹ್ನ ಎರಡರಿಂದ ನಾಲ್ಕರ ವರೆಗೆ ಬಲವಾಗಿದ್ದು, ಪಡುವಣದಿಂದ ನಿಧಾನವಾಗಿ ವಾಯುವ್ಯಕ್ಕೆ ತಿರುಗಿ, ಕತ್ತಲಾಗುತ್ತಲೇ ಸಾಯುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ನಡುರಾತ್ರಿಯ ನಂತರ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಹಾಯಿದೋಣಿಯ ಕಾಲದಲ್ಲಿ ಬೆಳಗಿನ ಜಾವದ ನೆಲಗಾಳಿಗೆ ಹೊರಟು ಮಧ್ಯಾಹ್ನದ ಕಡಲಗಾಳಿಗೆ ಮರಳುತ್ತಿದ್ದ ಕ್ರಮ ಇದನ್ನು ನಂಬಿಯೇ ನಡೆದದ್ದು. ಅಲೆಯೇರುವ ಆಟದವರು ಇಂದಿಗೂ ಬೆಳಿಗ್ಗೆ ಬೇಗನೆ ನೀರಿಗಿಳಿಯುವುದಕ್ಕೆ ಇದೇ ಕಾರಣ: ನೆಲಗಾಳಿಗೆ ಅಲೆಯ ಮುಖ ನಯವಾಗಿ ನಿಲ್ಲುತ್ತದೆ. ಗಾಳಿಪಟದವರಿಗೆ ಮಧ್ಯಾಹ್ನವೇ ಪ್ರಶಸ್ತ. ಆದರೆ ಅದೇ ನಯವಾದ ನೆಲಗಾಳಿ ಗಾಳಿತುಂಬಿದ ಟ್ಯೂಬಿನ ಮೇಲೆ ಕುಳಿತ ಮಗುವನ್ನು ಸದ್ದಿಲ್ಲದೆ ಆಳಕ್ಕೆ ಒಯ್ಯುತ್ತದೆಂಬುದನ್ನು ಹೆತ್ತವರು ಮರೆಯಬಾರದು. ನೋಡಲು ಶಾಂತವಾಗಿರುವ ಕಡಲು ಸುರಕ್ಷಿತ ಕಡಲೆಂದೇನೂ ಅಲ್ಲ.

ಏಪ್ರಿಲ್-ಮೇ ತಿಂಗಳುಗಳಲ್ಲಿಯೂ ಅಕ್ಟೋಬರ್-ನವೆಂಬರಿನ ತುಲಾವರ್ಷದಲ್ಲಿಯೂ ಇನ್ನೊಂದು ಅಪಾಯವಿದೆ. ಮಧ್ಯಾಹ್ನ ಚೆನ್ನಾಗಿ ಬೀಸುತ್ತಿದ್ದ ಕಡಲಗಾಳಿ ಒಮ್ಮೆಲೇ ನಿಂತು, ಮೂಡಲಲ್ಲಿ ಘಟ್ಟದ ಮೇಲೆ ಕಪ್ಪು ಕಟ್ಟಿ, ಅತ್ತಲಿಂದ ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತೆಂದರೆ ಗುಡುಗುಮಳೆ ಹೊರಟಿದೆ ಎಂದರ್ಥ. ಪಟವನ್ನು ಕೂಡಲೇ ಇಳಿಸಬೇಕು. ಒದ್ದೆಯಾದ ದಾರ ಮಿಂಚಿಗೆ ಹಾದಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವ ತನಕ ಬಯಲಿಗೂ ನೀರಿಗೂ ಇಳಿಯಬಾರದು. ಈ ಮಾತು ಬೇಕಲಕ್ಕೆ ಎಷ್ಟು ಸಲ್ಲುತ್ತದೋ ಹೊಸೂರಿನ ಬಯಲಿಗೂ ಅಷ್ಟೇ ಸಲ್ಲುತ್ತದೆ.

ಇನ್ನು ಅಂಕೆಗಳ ವಿಚಾರ. ಮಳೆಗಾಲದಲ್ಲಿ ಮೀನುಗಾರರಿಗೆ ಕೊಡುವ ಎಚ್ಚರಿಕೆಯಲ್ಲಿ "ಗಂಟೆಗೆ 35ರಿಂದ 45, ಕೆಲವೊಮ್ಮೆ 55 ಕಿಲೋಮೀಟರು ವೇಗದ ಗಾಳಿ" ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಬಸ್ಸಿನ ವೇಗಕ್ಕೆ ಹೋಲಿಸಿ "ಇಷ್ಟೇ ತಾನೆ" ಎನ್ನುವವರು ಹಲವರು. ಗಾಳಿಯ ಲೆಕ್ಕ ಹಾಗಲ್ಲ. ವೇಗ ಇಮ್ಮಡಿಯಾದರೆ ಅದು ಹೊಡೆಯುವ ಬಲ ನಾಲ್ಮಡಿಯಾಗುತ್ತದೆ. 35 ಇದ್ದುದು 55ಕ್ಕೆ ಏರಿದಾಗ ಬಲ ಸುಮಾರು ಎರಡೂವರೆ ಪಟ್ಟು. ಕೈಯಲ್ಲಿದ್ದ ದಾರ ಅಂಗೈ ಸೀಳುವುದೂ ದೋಣಿ ಮಗುಚುವುದೂ ಆ "ಕೆಲವೊಮ್ಮೆ"ಯಲ್ಲೇ.

ಯಂತ್ರವಿಲ್ಲದೆ ಗಾಳಿ ಅಳೆಯುವ ಕ್ರಮವೊಂದನ್ನು ಬ್ರಿಟಿಷ್ ನೌಕಾಪಡೆಯ ಬೋಫರ್ಟ್ ಎಂಬಾತ 1805ರಲ್ಲಿ ಮಾಡಿಟ್ಟ. ನೆಲದ ಮೇಲಿನವರಿಗೆ ಹೊಂದುವಂತೆ ಅದನ್ನು ಮುಂದೆ ತಿದ್ದಲಾಯಿತು. ನಮ್ಮ ಮಕ್ಕಳಿಗೆ ನಾವು ಹೇಳುವುದು ಹೀಗೆ: ಒಲೆಯ ಹೊಗೆ ನೆಟ್ಟಗೆ ಏರಿದರೆ ಸೊನ್ನೆ. ಎಲೆ, ಸಣ್ಣ ಕಡ್ಡಿ ಬಿಡದೆ ಅಲುಗಿ ಬಾವುಟ ಹರಡಿ ನಿಂತರೆ ಮೂರು, ಎಂದರೆ 12ರಿಂದ 19 ಕಿಲೋಮೀಟರು. ಧೂಳೂ ಕಾಗದದ ಚೂರೂ ಎದ್ದರೆ ನಾಲ್ಕು, 20ರಿಂದ 28. ಗಾಳಿಪಟಕ್ಕೆ ಇವೆರಡೇ ಒಳ್ಳೆಯ ಗಾಳಿಗಳು. ಸಣ್ಣ ಮರಗಳು ತೂಗಿದರೆ ಐದು, 29ರಿಂದ 38. ಚಿಕ್ಕವರು ಪಟ ಸುತ್ತಿಡಲಿ. ದೊಡ್ಡ ಕೊಂಬೆ ಅಲುಗಿ ಕೊಡೆ ಹಿಡಿಯುವುದು ಕಷ್ಟವಾದರೆ ಆರು, 39ರಿಂದ 49. ಇಡೀ ಮರ ತೂಗಿ ಎದುರುಗಾಳಿಗೆ ನಡೆಯುವುದೇ ಪ್ರಯಾಸವಾದರೆ ಏಳು, 50ರಿಂದ 61. ಇಷ್ಟನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಮೀನುಗಾರರ ಎಚ್ಚರಿಕೆಯ ಅಂಕೆ ಅಂಕೆಯಾಗಿ ಉಳಿಯುವುದಿಲ್ಲ; ಅಂಗಳದ ಮರವಾಗಿ ಕಣ್ಣಿಗೆ ಕಟ್ಟುತ್ತದೆ. ಆಟದಿಂದ ಬಂದ ವಿದ್ಯೆ ಆಪತ್ಕಾಲಕ್ಕೆ ಒದಗುವುದು ಹೀಗೆ.

ಗಾಳಿಯೇ ಇಲ್ಲದೆ ಕಡಲು ಏರುವುದೂ ಉಂಟು. ಭೂಮಧ್ಯರೇಖೆಯ ಆಚೆ, ಹಿಂದೂ ಮಹಾಸಾಗರದ ತೆಂಕಣ ತುದಿಯಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸುಮಾರು ಒಂದು ವಾರ ನಡೆದು, ಸಾವಿರಾರು ಕಿಲೋಮೀಟರು ದಾಟಿ, ಬಿಸಿಲು ಬೆಳಗುವ ದಿನ ನಮ್ಮ ಕರೆಗೆ ಬಂದು ಬಡಿಯುತ್ತವೆ. ಕೇರಳದ ಬೆಸ್ತರು ಇದನ್ನು "ಕಳ್ಳಕ್ಕಡಲ್" ಎಂದು ಕರೆದರು. ಕಳ್ಳನಂತೆ ಹೇಳದೆ ಬರುವ ಕಡಲು. 2012ರಲ್ಲಿ ಯುನೆಸ್ಕೊ ಆ ಮಲಯಾಳ ಪದವನ್ನೇ ವಿಜ್ಞಾನದ ಬಳಕೆಗೆ ಅಂಗೀಕರಿಸಿತು. ಈಗ ಹೈದರಾಬಾದಿನಿಂದ ಬರುವ ಎಚ್ಚರಿಕೆಗಳಲ್ಲಿಯೂ ಅದೇ ಹೆಸರು. ನೆರೆಯ ನುಡಿಗೆ ಸಂದ ಈ ಗೌರವಕ್ಕೆ ನಾವು ಸಂತೋಷಪಡುತ್ತೇವೆ. ಜೊತೆಗೆ ನಮ್ಮನ್ನೇ ಕೇಳಿಕೊಳ್ಳುತ್ತೇವೆ: ಮಂಜೇಶ್ವರದಿಂದ ಕುಂಬಳೆಯ ತನಕ ನಮ್ಮ ಮೊಗವೀರ ಬಾಂಧವರ ಬಾಯಲ್ಲಿ ಗಾಳಿಗೆ, ಅಲೆಗೆ, ನೀರಿನ ಸೆಳೆತಕ್ಕೆ ಎಷ್ಟು ಹೆಸರುಗಳಿವೆ? ಅವನ್ನು ಬರೆದಿಟ್ಟವರಾರು? ಹಿರಿಯರೊಬ್ಬರು ಕಣ್ಮುಚ್ಚಿದಾಗಲೆಲ್ಲ ಅಂಥ ನಾಲ್ಕು ಪದಗಳು ಅವರೊಂದಿಗೇ ಹೋಗುತ್ತಿವೆ.

ಇಷ್ಟೆಲ್ಲ ಆಟದ ಮಾತೆಂದು ತಳ್ಳಿಹಾಕುವವರು 2024ರ ಚಳಿಗಾಲದ ಆರಂಭವನ್ನು ನೆನೆಯಲಿ. ಬಂಗಾಳ ಕೊಲ್ಲಿಯಲ್ಲಿ ಎದ್ದ ಫೆಂಗಲ್ ಚಂಡಮಾರುತ ನವೆಂಬರ್ 30ರ ರಾತ್ರಿ ಪುದುಚೇರಿಯ ಸಮೀಪ ದಡ ಹತ್ತಿತು. ದಡ ಹತ್ತಿದಾಗ ಗಾಳಿಯ ವೇಗ ಗಂಟೆಗೆ 70ರಿಂದ 80 ಕಿಲೋಮೀಟರು. ಹಲವು ಗಂಟೆಗಳ ಕಾಲ ಅಲ್ಲಿಯೇ ನಿಂತು, ಬಲಗುಂದಿ, ಮೆಲ್ಲನೆ ಒಳನಾಡಿನತ್ತ ಸರಿಯಿತು. ಕಡಲಿನಿಂದ ಬಹು ದೂರವಿರುವ ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಡಿಸೆಂಬರ್ 2ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಬಿದ್ದ ಮಳೆ 50 ಸೆಂಟಿಮೀಟರು! ಆ ಜಿಲ್ಲೆಗೆ ಇಡೀ ವರ್ಷದಲ್ಲಿ ಬರುವ ಮಳೆಯ ಅರ್ಧಕ್ಕಿಂತ ಹೆಚ್ಚು ಒಂದೇ ಹಗಲುರಾತ್ರಿಯಲ್ಲಿ ಸುರಿಯಿತು. ಕೆರೆ ಉಕ್ಕಿ, ರಸ್ತೆಬದಿ ನಿಲ್ಲಿಸಿದ್ದ ವಾಹನಗಳು ಆಟಿಕೆಗಳಂತೆ ಕೊಚ್ಚಿಹೋದವು. ದಕ್ಷಿಣ ಪಿನಾಕಿನಿ ಅಲ್ಲಿಂದ ಕೆಳಗಿನ ಜಿಲ್ಲೆಗಳಲ್ಲಿ ದಡ ಮೀರಿ ಹರಿಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಚಂಡಮಾರುತದ ಉಳಿಕೆ ಅದೇ ಅಕ್ಷಾಂಶದ ಹಾದಿಯಲ್ಲಿ, ಆದರೆ ಈ ಬಾರಿ ಮೂಡಣದಿಂದ ಪಡುವಣಕ್ಕೆ, ಘಟ್ಟ ದಾಟಿ ನಮ್ಮತ್ತ ಬಂತು. ಡಿಸೆಂಬರ್ 2ರಂದು ಉತ್ತರ ಕೇರಳದ ಜಿಲ್ಲೆಗಳಿಗೆ ಕೆಂಪು ಎಚ್ಚರಿಕೆ. 3ರಂದು ನಮ್ಮ ಶಾಲೆಗಳಿಗೆ ರಜೆ. ಆಷಾಢದಲ್ಲಿ ನಮ್ಮ ಗಾಳಿ ಹೊಸೂರಿಗೆ ಹೋಗುತ್ತದೆ. ಮಾರ್ಗಶಿರದ ಹೊತ್ತಿಗೆ ಅವರ ತೂಫಾನು ನಮ್ಮಲ್ಲಿಗೆ ಬಂದೀತು. ಹೊಸೂರಿನಿಂದ ಒಂದು ಮಾತು ಬಂದರೆ ಅದು ನಮಗೆ ಒಂದು ದಿನದ ಮುನ್ನೆಚ್ಚರಿಕೆ.

ಚಂಡಮಾರುತ "ದುರ್ಬಲಗೊಂಡಿದೆ" ಎಂಬ ಸುದ್ದಿ ಕೇಳಿ ನಿಶ್ಚಿಂತೆಯಿಂದ ಮಲಗಬಾರದು ಎಂಬ ಪಾಠವನ್ನು ಊತಂಗರೆ ಕಲಿಸಿತು. ದುರ್ಬಲವಾಗುವುದು ಗಾಳಿ, ಹೊತ್ತು ತಂದ ನೀರಲ್ಲ. ಎಚ್ಚರಿಕೆಯ ಒಂದು ಪದವನ್ನು ಸರಿಯಾಗಿ ತಿಳಿಯುವುದಕ್ಕೂ ತಪ್ಪಾಗಿ ತಿಳಿಯುವುದಕ್ಕೂ ಇರುವ ಅಂತರ ಕೆಲವೊಮ್ಮೆ ಮನೆ ಉಳಿಯುವುದಕ್ಕೂ ಹೋಗುವುದಕ್ಕೂ ಇರುವ ಅಂತರ. 2017ರ ಓಖಿಯಲ್ಲಿ ಕಡಲಲ್ಲಿದ್ದ ಎಷ್ಟೋ ದೋಣಿಗಳಿಗೆ ಸುದ್ದಿಗಿಂತ ಮೊದಲು ತೂಫಾನೇ ತಲಪಿತ್ತು. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರೆಯನ್ನು ಸವರಿಕೊಂಡು ಹೋದಾಗ ಉಪ್ಪಳದ ಮುಸೋಡಿಯಲ್ಲಿ ಮನೆಯನ್ನೇ ಕಡಲು ನುಂಗಿದುದನ್ನು ಓದುಗರು ಮರೆತಿರಲಾರರು.

ಈಗ ಭಾಷೆಯ ವಿಚಾರಕ್ಕೆ ಬರೋಣ. ಕರ್ನಾಟಕದ ಜನರಿಗಾಗಿ ಸಿದ್ಧವಾಗುವ ಕನ್ನಡದ ಹವಾಮಾನ ವರ್ತಮಾನ ಇತ್ತ ತಲಪಾಡಿಯಲ್ಲಿ, ಅತ್ತ ಅತ್ತಿಬೆಲೆಯಲ್ಲಿ ನಿಂತುಬಿಡುತ್ತದೆ. ಅದು ಸಹಜ, ಆ ವರ್ತಮಾನ ಆ ರಾಜ್ಯದ್ದು. ನಮ್ಮ ಜಿಲ್ಲೆಯ ಮುನ್ಸೂಚನೆ ತಿರುವನಂತಪುರದಿಂದ, ಕೃಷ್ಣಗಿರಿಯದು ಚೆನ್ನೈಯಿಂದ. ಇಲ್ಲಿ ಮಲಯಾಳ, ಅಲ್ಲಿ ತಮಿಳು ಮುಂದಾಗಿರುತ್ತವೆ. ನಮಗೆ ಮಲಯಾಳ ಬಾರದೆಂದಲ್ಲ. ಪೇಟೆಯಲ್ಲಿ, ಬಸ್ಸಿನಲ್ಲಿ, ನೆರೆಮನೆಯಲ್ಲಿ ನಿತ್ಯ ಆಡುತ್ತೇವೆ. ಹೊಸೂರಿನವರು ತಮಿಳನ್ನೂ ತೆಲುಗನ್ನೂ ಆಡುವಂತೆಯೇ. ಆದರೆ ಕಿವಿಯ ಭಾಷೆ ಬೇರೆ, ಕಣ್ಣಿನ ಭಾಷೆ ಬೇರೆ. ಮೊಬೈಲಿನಲ್ಲಿ ಬಂದ ನಾಲ್ಕು ಸಾಲನ್ನು ರಾತ್ರಿ ಹತ್ತು ಗಂಟೆಗೆ ಓದಿ ಅರ್ಥಮಾಡಿಕೊಳ್ಳಬೇಕಾದವಳು ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿದ ಅಜ್ಜಿಯಾದರೆ? ಮಗ ಕೊಲ್ಲಿಯಲ್ಲಿ, ಸೊಸೆ ಆಸ್ಪತ್ರೆಯಲ್ಲಿ, ಮನೆಯಲ್ಲಿ ಎರಡು ಮಕ್ಕಳು ಎಂಬ ಸ್ಥಿತಿಯಾದರೆ? ಅಂಥ ಮನೆಗಳು ನಮ್ಮಲ್ಲಿ ಒಂದೆರಡಲ್ಲ.

ಅಲ್ಲಿ 2006ರ ತಮಿಳು ಕಲಿಕೆ ಕಾಯಿದೆ, ಇಲ್ಲಿ 2017ರ ಮಲಯಾಳ ಕಲಿಕೆ ಕಾಯಿದೆ. ಅವುಗಳ ಚರ್ಚೆ ಬೇರೆಯೇ ಇದೆ, ಇಂದು ಅದನ್ನೆತ್ತುವುದಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸುವ ಹಕ್ಕನ್ನು ಒಪ್ಪಿಕೊಂಡಿದೆ. ನಾವು ಬರೆದ ಕಾಗದಕ್ಕೆ ಕನ್ನಡದಲ್ಲಿ ಉತ್ತರ ಸಿಗಬೇಕೆಂಬುದು ನ್ಯಾಯವಾದರೆ, ನಾವು ಕೇಳುವ ಮೊದಲೇ ಬರಬೇಕಾದ ಎಚ್ಚರಿಕೆ ಕನ್ನಡದಲ್ಲಿ ಬರುವುದು ಅದಕ್ಕಿಂತ ದೊಡ್ಡ ನ್ಯಾಯ. ಎಚ್ಚರಿಕೆ ಹೊರಡುವ ಗಳಿಗೆಯಲ್ಲಿಯೇ ಕನ್ನಡದ ನಾಲ್ಕು ಸಾಲು ಜೊತೆಗಿರಲಿ. ಬೇಕಾದ ಪದಗಳು ಐವತ್ತನ್ನು ದಾಟಲಾರವು; ಒಮ್ಮೆ ಸಿದ್ಧಪಡಿಸಿಟ್ಟರೆ ವರ್ಷಗಟ್ಟಲೆ ನಡೆದೀತು.

ಅಧಿಕಾರಿಗಳತ್ತ ಬೆರಳು ತೋರಿಸಿ ಸುಮ್ಮನಾಗುವುದು ನಮ್ಮ ಉದ್ದೇಶವಲ್ಲ. ದೋಷದಲ್ಲಿ ನಮ್ಮ ಪಾಲೂ ಇದೆ. ದಿನಭವಿಷ್ಯಕ್ಕೆ ಅರ್ಧ ಕಾಲಂ ಕೊಡುವ ಕನ್ನಡ ಪತ್ರಿಕೆಗಳು ಹವೆಗೆ ಎರಡು ಸಾಲು ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಶಾಲೆಗಳಲ್ಲಿ ಕಡಲಗಾಳಿ, ನೆಲಗಾಳಿಗಳನ್ನು ಪರೀಕ್ಷೆಗೆಂದು ಬರೆಸುತ್ತೇವೆ, ಕಡಲಿಗೆ ಮೂರು ಮೈಲು ದೂರದಲ್ಲಿದ್ದೂ ಮಕ್ಕಳನ್ನು ಹೊರಗೆ ನಿಲ್ಲಿಸಿ "ಈಗ ಗಾಳಿ ಯಾವ ಕಡೆಯಿಂದ?" ಎಂದು ಕೇಳುವುದಿಲ್ಲ. ಇದು ತಿದ್ದಿಕೊಳ್ಳಬಹುದಾದ ತಪ್ಪು.

ನಮ್ಮ ಸಲಹೆ ಸರಳವಾದುದು. ಪ್ರತಿಯೊಂದು ಕನ್ನಡ ಶಾಲೆಯಲ್ಲಿಯೂ ಒಂದು ಗಾಳಿಕೋಳಿ, ಒಂದು ಮಳೆಮಾಪಕ, ಒಂದು ರಿಜಿಸ್ಟರು ಇರಲಿ. ಗಾಳಿಕೋಳಿಯನ್ನು ಮಕ್ಕಳೇ ತಗಡಿನಲ್ಲಿ ಮಾಡಿಯಾರು. ದಿನವೂ ಮಧ್ಯಾಹ್ನ ಮೂರು ಗಂಟೆಗೆ ಗಾಳಿಯ ದಿಕ್ಕು, ಮರ ನೋಡಿ ಅಳೆದ ಬಲ, ಮಳೆ, ಆಕಾಶದ ಸ್ಥಿತಿ, ಇಷ್ಟನ್ನು ಒಬ್ಬೊಬ್ಬರಾಗಿ ಬರೆಯಲಿ. ಹೊಸೂರಿನ ಮಿತ್ರರ ಶಾಲೆಯಲ್ಲಿಯೂ ಅದೇ ಗಳಿಗೆಗೆ ಬರೆಯಲಿ. ವಾರಕ್ಕೊಮ್ಮೆ ಎರಡು ಪಟ್ಟಿಗಳು ಅದಲುಬದಲಾಗಲಿ. ಈ ಪುಟದಲ್ಲಿ ಅವನ್ನು ಅಕ್ಕಪಕ್ಕ ಪ್ರಕಟಿಸಲು ಜಾಗ ಕೊಡುತ್ತೇವೆ. ಮೊಗವೀರ ಹಿರಿಯರು ಗಾಳಿ, ಅಲೆಗಳ ಹೆಸರುಗಳನ್ನು ಹೇಳಿದರೆ ಅವನ್ನೂ ಅಚ್ಚುಮಾಡುತ್ತೇವೆ. ಇಲಾಖೆಯ ಮುನ್ಸೂಚನೆಯ ಬದಲಿಗೆ ಇದಲ್ಲ, ಅದನ್ನು ಓದಿ ತಿಳಿಯಲು ಬೇಕಾದ ಅಕ್ಷರಾಭ್ಯಾಸ ಇದು.

1956ರಲ್ಲಿ ಗೆರೆಯೆಳೆದಾಗ ನಾವು ಕೇರಳದಲ್ಲಿ, ಹೊಸೂರಿನ ಕನ್ನಡಿಗರು ತಮಿಳು ನಾಡಿನಲ್ಲಿ ಉಳಿದೆವು. ಎರಡು ಮೂಲೆಗಳ ನಡುವೆ ಅಂದಿನಿಂದ ಹೋಗಿಬರುವ ಮಾತು ಕಡಿಮೆ. ಗಾಳಿ ಮಾತ್ರ ಆ ಗೆರೆಯನ್ನು ಲೆಕ್ಕಿಸದೆ ವರ್ಷಕ್ಕೆ ಎರಡು ಬಾರಿ ಹೋಗಿಬರುತ್ತಿದೆ. ಅದರ ಬೆನ್ನ ಮೇಲೆ ನಮ್ಮ ಮಕ್ಕಳ ನಾಲ್ಕು ಸಾಲು ಕನ್ನಡವೂ ಹೋಗಿಬರಲಿ.

ಮಿತ್ರರ ಕಾಗದಕ್ಕೆ ನಾವು ಉತ್ತರ ಬರೆದೆವು: "ಇಲ್ಲಿ ನೈಋತ್ಯದ ಗಾಳಿ, ಬಲ ಐದು, ಮಳೆ ಜೋರು. ನಾಳೆ ಮಧ್ಯಾಹ್ನಕ್ಕೆ ಪಟ ಸಿದ್ಧವಿರಲಿ." ಪಟ ಏರಿತೆಂದು ಎಂಟು ದಿನಗಳಲ್ಲಿ ಉತ್ತರ ಬಂತು. ಅಂಚೆಗಿಂತ ಗಾಳಿಯೇ ಬೇಗ. ಎಚ್ಚರಿಕೆಯಾದರೂ ಗಾಳಿಗಿಂತ ಬೇಗ ಬರಲಿ, ನಮಗೆ ತಿಳಿಯುವ ನುಡಿಯಲ್ಲಿ ಬರಲಿ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೆಂದು ಆಶಿಸುತ್ತೇವೆ.